ಹಳೆ ಎಂಪಿಎಫ್‌ಐ ವ್ಯಾನಿಗೆ ಬ್ಲೂಟೂತ್ ಸ್ಕ್ಯಾನರ್: ಘಟ್ಟ, ಮಳೆ ಎರಡರಲ್ಲೂ ಬಳಸಿದ ಮೇಲೆ

ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಸ್ಕ್ಯಾನರ್ ನಮ್ಮ ವ್ಯಾನಿನಲ್ಲಿ ಹಲವು ಮಳೆಗಾಲ ಕಂಡಿದೆ. ಸಾಕೆಟಿಗೆ ಚುಚ್ಚಿದರೆ ಗಾಡಿಯ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಫೋನಿಗೆ ಕಳಿಸುತ್ತದೆ. ವ್ಯಾನ್ ಹಳೆಯದು, ಎಂಪಿಎಫ್‌ಐ ಪೆಟ್ರೋಲ್ ಗಾಡಿ, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರುಗಳು ಪೆಟ್ರೋಲ್ ಬಿಡುತ್ತವೆ. ಕುಮಟಾದಿಂದ ತೆಂಗಿನಕಾಯಿ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತದೆ. ಬರುವಾಗ ಬಾಳೆಗೊನೆ, ಹಪ್ಪಳ ತರುತ್ತದೆ. ಸ್ಕ್ಯಾನರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಜಾಸ್ತಿ ಜನ ಇದನ್ನು ಡ್ಯಾಶ್‌ಬೋರ್ಡಿನ ಚೆಕ್ ಲೈಟ್ ಬಿದ್ದಾಗ ದೋಷದ ಕೋಡ್ ಓದಲಿಕ್ಕೆ ಮಾತ್ರ ಚುಚ್ಚುತ್ತಾರೆ. ನನಗೆ ಕೋಡಿಗಿಂತ ಉಪಯೋಗಕ್ಕೆ ಬಂದಿದ್ದು ಗಾಡಿ ಓಡುವಾಗ ಫೋನಿನಲ್ಲಿ ಕಾಣುವ ಲೈವ್ ಡೇಟಾ, ಅಂದರೆ ಸೆನ್ಸರುಗಳ ಆ ಕ್ಷಣದ ಅಂಕೆಗಳು.

ಘಟ್ಟದ ವಿಷಯವನ್ನೇ ಹೇಳುತ್ತೇನೆ. ಊರೊಳಗೆ ಗಾಡಿ ಚೆನ್ನಾಗಿ ಓಡುತ್ತಿತ್ತು. ಲೋಡ್ ಹಾಕಿ ಘಟ್ಟ ಹತ್ತಿಸಿದರೆ ಎಳೆತವೇ ಇಲ್ಲ, ಎರಡನೇ ಗೇರಿನಲ್ಲೂ ಜರ್ಕ್. ಕೋಡ್ ಪಿ0171, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಒಂದು ಗ್ಯಾರೇಜಿನಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕು ಅಂದರು. ಅದಕ್ಕೆ ಸಾವಿರಗಟ್ಟಲೆ ಆಗುತ್ತದೆ. ಹಾಕಿಸುವ ಮೊದಲು ಗೆಳೆಯನ ಕೈಗೆ ಫೋನ್ ಕೊಟ್ಟು ಘಟ್ಟ ಹತ್ತಿಸಿದೆ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಚುರುಕಾಗಿ ಮೇಲೆ ಕೆಳಗೆ ಆಡುತ್ತಿತ್ತು. ಹಾಗೆ ಆಡುವ ಸೆನ್ಸರ್ ಕೆಟ್ಟಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡಬೇಕು, ವೋಲ್ಟ್ 0.8ರ ಮೇಲೆ ನಿಲ್ಲಬೇಕು. ನಮ್ಮದು 0.1ಕ್ಕೆ ಇಳಿದು ಅಲ್ಲೇ ಕೂತಿತು. ಅಂದರೆ ಕೇಳಿದಷ್ಟು ಪೆಟ್ರೋಲ್ ಇಂಜಿನ್ನಿಗೆ ತಲುಪುತ್ತಿಲ್ಲ. ಸೆನ್ಸರ್ ಸತ್ಯವನ್ನೇ ಹೇಳುತ್ತಿತ್ತು, ಪಾಪ ಅದನ್ನೇ ಕಿತ್ತು ಹಾಕಲು ಹೊರಟಿದ್ದರು. ಕೊನೆಗೆ ಸಿಕ್ಕಿದ್ದು ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್, ಟ್ಯಾಂಕಿನೊಳಗೆ ಪಂಪಿನ ಜಾಲರಿಯಲ್ಲಿ ಕಪ್ಪು ಕೆಸರು. ಎರಡನ್ನೂ ಬದಲಿಸಿದ ಮೇಲೆ ಅದೇ ಲೋಡ್ ಸಲೀಸಾಗಿ ಮೇಲೆ ಹೋಯಿತು.

ಇಲ್ಲೊಂದು ಮಾತು. ಪಿ0171 ಕಂಡರೆ ಎಲ್ಲೋ ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ ಅಂತ ಎಲ್ಲರೂ ಮೊದಲು ಹೇಳುತ್ತಾರೆ. ಗಾಳಿ ಅಳೆಯುವ ಏರ್‌ಫ್ಲೋ ಮೀಟರ್ ಇರುವ ಗಾಡಿಗೆ ಅದು ಸರಿ. ನಮ್ಮ ವ್ಯಾನಿನಂಥ ಎಷ್ಟೋ ಹಳೆ ಗಾಡಿಗಳಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ (ಮ್ಯಾನಿಫೋಲ್ಡ್) ಒತ್ತಡ ನೋಡುತ್ತದೆ. ಪೈಪ್ ಸೋರಿದರೆ ಒತ್ತಡ ಏರುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಇಂಥ ಗಾಡಿಯಲ್ಲಿ ಸೋರಿಕೆ ಇದ್ದರೆ ಮೊದಲು ಗೊತ್ತಾಗುವುದು ಐಡಲ್ ಸುಮ್ಮನೆ ಏರಿ ನಿಂತಾಗ. ಯಾವ ಸೆನ್ಸರ್ ಇದೆ ಅಂತ ತಿಳಿಯದೆ ಹುಡುಕಲು ಹೊರಟರೆ ದಿನ ಹಾಳು.

ಮ್ಯಾಪ್ ಸೆನ್ಸರ್ ಸರಿ ಇದೆಯಾ ಅಂತ ನೋಡಲಿಕ್ಕೆ ನಮ್ಮ ಜಿಲ್ಲೆಯಲ್ಲಿ ಒಳ್ಳೆ ಉಪಾಯ ಇದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಸಮುದ್ರದ ಪಕ್ಕದ ಕುಮಟಾ, ಕಾರವಾರದಲ್ಲಿ ಗಾಳಿಯ ಒತ್ತಡ 100 ಕಿಲೋಪಾಸ್ಕಲ್ ಹತ್ತಿರ ತೋರಿಸಬೇಕು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 94ರ ಆಸುಪಾಸು ಬರಬೇಕು. ಕೆಳಗೆ ಮೇಲೆ ಎರಡೂ ಕಡೆ ಒಂದೇ ಅಂಕೆ ತೋರಿಸಿದರೆ ಸೆನ್ಸರ್ ನಂಬಬೇಡಿ.

ಮಳೆಗಾಲದ ತೊಂದರೆ ಬೇರೆ ಥರ. ಬಿಸಿ ಇಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಢಮಾರ್. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಮುಂದಿನ ಸೀಟು ಎತ್ತಿಸಿದರು. ಈ ವ್ಯಾನಿನಲ್ಲಿ ಇಂಜಿನ್ ಇರುವುದೇ ಸೀಟಿನ ಕೆಳಗೆ. "ತಮಾ, ನೀ ವೈರ್ ಅಲ್ಲಾಡ್ಸು, ನಾ ಫೋನ್ ನೋಡ್ತೆ" ಅಂದರು. ಇಂಜಿನ್ ತಂಪು ಮಾಡುವ ನೀರಿನ (ಕೂಲೆಂಟ್) ತಾಪ ಅಳೆಯುವ ಸೆನ್ಸರಿನ ವೈರ್ ಮುಟ್ಟಿದ್ದೇ ತಡ, 84 ಡಿಗ್ರಿ ಇದ್ದದ್ದು ಮೈನಸ್ 40ಕ್ಕೆ ಹಾರಿತು. ಕೈ ಬಿಟ್ಟರೆ ಮತ್ತೆ 84. ಶಿರಸಿ ಎಷ್ಟೇ ತಂಪಾದರೂ ಮೈನಸ್ 40 ಆಗುತ್ತದಾ? ವೈರ್ ಸಂಪರ್ಕ ತಪ್ಪಿದರೆ ಬರುವ ಅಂಕೆ ಅದು. ಇಂಜಿನ್ ಹಿಮದಷ್ಟು ತಣ್ಣಗಿದೆ ಅಂತ ತಿಳಿದು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಿತ್ತು. ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ನಿಗೆ ಪೂರ್ತಿ ಹಸಿರು ಕಿಲುಬು. ಕೆರೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಡಿಲಾಗಿದ್ದ ಟರ್ಮಿನಲ್ ಬಿಗಿ ಮಾಡಿದರು. ಸೆನ್ಸರ್ ಹಳೆಯದೇ ಇದೆ.

ಕರಾವಳಿಯ ಉಪ್ಪುಗಾಳಿಗೆ ಸೆನ್ಸರಿಗಿಂತ ಮೊದಲು ಹೋಗುವುದು ಕನೆಕ್ಟರ್ ಮತ್ತು ಅರ್ತ್ ವೈರ್ ಅಂತ ನನಗೆ ಖಾತ್ರಿಯಾಗಿದೆ. ಈಗ ಮಳೆ ಶುರುವಾಗುವ ಮೊದಲು ಅವನ್ನೆಲ್ಲ ಬಿಚ್ಚಿ ನೋಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಮತ್ತು ಒಳಗೆ ಹೋಗುವ ಗಾಳಿಯ ತಾಪ ಹೋಲಿಸುತ್ತೇನೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ?

ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕುವವರು ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಿದೆ ಅನ್ನುವ ಅಂಕೆ) ಸ್ವಲ್ಪ ಮೇಲಿದ್ದರೆ ಗಾಬರಿಯಾಗಬೇಡಿ. ಎಥನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುವುದು ಸಹಜ.

ಸ್ಕ್ಯಾನರಿಗೆ ಆಗದ ಕೆಲಸವೂ ಬಹಳ ಇದೆ. ನಮ್ಮ ವ್ಯಾನಿನಲ್ಲಿ ಪೆಟ್ರೋಲಿನ ಒತ್ತಡ ಕಾಣುವುದಿಲ್ಲ, ಅದಕ್ಕೆ ಗೇಜ್ ಬೇಕು. ಪ್ಲಗ್, ಕಂಪ್ರೆಷನ್, ವಾಲ್ವ್ ಗ್ಯಾಪ್ ಕೈಯಿಂದಲೇ ನೋಡಬೇಕು. ಹಳೆ ಗಾಡಿಯಲ್ಲಿ ಅಂಕೆಗಳು ನಿಧಾನ ಬದಲಾಗುತ್ತವೆ, ಆದ್ದರಿಂದ ಒಮ್ಮೆಗೆ ಎರಡು ಮೂರನ್ನೇ ತೆರೆದಿಡಿ. ರಾತ್ರಿ ಕಿತ್ತಿಡಿ, ಚುಚ್ಚಿಯೇ ಇಟ್ಟರೆ ಬ್ಯಾಟರಿ ಇಳಿಯುತ್ತದೆ.

ಕೊಳ್ಳುವ ಮೊದಲು ಸ್ಟೇರಿಂಗ್ ಕೆಳಗೆ 16 ಪಿನ್ ಸಾಕೆಟ್ ಇದೆಯಾ ನೋಡಿ. ಇದ್ದರೂ ಕೆಲವು ಹಳೆ ಗಾಡಿಗಳು ಕಂಪನಿಯ ಯಂತ್ರಕ್ಕೆ ಮಾತ್ರ ಉತ್ತರ ಕೊಡುತ್ತವೆ. ಅಗ್ಗದ ನಕಲಿಗಳಲ್ಲಿ ಕೆಲವು, ಸ್ಕ್ಯಾನರಿನ ಜೊತೆ ಒಂದೇ ವೈರಿನಲ್ಲಿ ಮಾತಾಡುವ ಹಳೆ ಕೆ-ಲೈನ್ ಗಾಡಿಗಳ ಜೊತೆ ಸೇರುವುದೇ ಇಲ್ಲ. ಆದಷ್ಟು ಗಾಡಿಯನ್ನೇ ಅಂಗಡಿ ಬಾಗಿಲಿಗೆ ಒಯ್ದು ಚುಚ್ಚಿ ನೋಡಿ. ಫೋನಿನಲ್ಲಿ ಆರ್‌ಪಿಎಂ ಬಂದರೆ ಮಾತ್ರ ದುಡ್ಡು ಕೊಡಿ.