ಬಿರಿದ ಬೆರಳಿಗೆ ಒಳ್ಳೆಯದು, ಹಿಮ್ಮಡಿಗೆ ಸಾಲದು: ಬಿ5 ಮುಲಾಮಿನ ದೀರ್ಘ ಬಳಕೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ; ಕೊನೆಯವರೆಗೆ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. 5% ಡೆಕ್ಸ್‌ಪ್ಯಾಂಥೆನಾಲ್ (ಚರ್ಮದೊಳಗೆ ಬಿ5 ಜೀವಸತ್ವವಾಗಿ ಬದಲಾಗುವ ವಸ್ತು) ಇರುವ ಮುಲಾಮು ಒಣಗಿ ಬಿರಿದ ಚರ್ಮಕ್ಕೆ, ಚಪ್ಪಲಿ ಕಚ್ಚಿದ ಜಾಗಕ್ಕೆ, ಮುಚ್ಚಿಕೊಳ್ಳುವ ಹಂತಕ್ಕೆ ಬಂದ ತರಚು ಗಾಯಕ್ಕೆ ಚೆನ್ನಾಗಿ ಒದಗುತ್ತದೆ. ಕಲೆ ಅಳಿಸುವುದಿಲ್ಲ, ಸೋಂಕು ಕೊಲ್ಲುವುದಿಲ್ಲ, ದಪ್ಪಗಟ್ಟಿದ ಹಿಮ್ಮಡಿಯ ಮುಂದೆ ಕೈಚೆಲ್ಲುತ್ತದೆ. ಅದು ಮಾಡುವ ಕೆಲಸದಲ್ಲಿ ಜೀವಸತ್ವದ ಪಾಲೆಷ್ಟು, ಬರೀ ಜಿಡ್ಡಿನ ಪಾಲೆಷ್ಟು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕೆಣಕಿದೆ. ಜಿಡ್ಡಿನದೇ ದೊಡ್ಡ ಪಾಲು ಎಂಬ ಕಡೆಗೆ ನಾನು ವಾಲಿದ್ದೇನೆ. ಆದರೂ ಟ್ಯೂಬ್ ಮುಗಿದಾಗ ಮತ್ತೆ ಇದನ್ನೇ ಕೊಳ್ಳುತ್ತೇನೆ. ಈ ಸೂತ್ರದ ಮುಲಾಮು ಹಲವು ಹೆಸರುಗಳಲ್ಲಿ ಸಿಗುತ್ತದೆ, ನಾನೂ ಒಂದಕ್ಕಿಂತ ಹೆಚ್ಚು ತಯಾರಿಕೆಗಳನ್ನು ಬಳಸಿದ್ದೇನೆ. ಹಾಗಾಗಿ ಕಂಪನಿಯ ಹೆಸರಿನ ಗೊಡವೆ ಇಲ್ಲಿಲ್ಲ.

ನನ್ನ ಕೈಗಳ ಪರಿಸ್ಥಿತಿ ತಿಳಿಯದೆ ಈ ವಿಮರ್ಶೆಯ ತೂಕ ತಿಳಿಯುವುದಿಲ್ಲ. ನಾನು ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಕೆಲಸ ಮಾಡುತ್ತೇನೆ. ಕಾಗದ ಬೆರಳಿನ ಎಣ್ಣೆಯಂಶವನ್ನು ಹೀರುತ್ತದೆ, ಅದರ ಅಂಚು ಕಣ್ಣಿಗೆ ಕಾಣದಷ್ಟು ಸಣ್ಣಗೆ ಚರ್ಮ ಸೀಳುತ್ತದೆ, ಅಂಟು ಮೆತ್ತಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಲೇಬೇಕು. ಚರ್ಮದ ಹೊರಪದರದ ಕೋಶಗಳ ನಡುವೆ ಗಾರೆಯಂತೆ ಕೂತಿರುವ ಕೊಬ್ಬನ್ನು ಸೋಪು ಪ್ರತಿಸಲವೂ ಸ್ವಲ್ಪ ಸ್ವಲ್ಪ ಕಿತ್ತುಕೊಂಡು ಹೋಗುತ್ತದೆ. ಗಾರೆ ಹೋದ ಮೇಲೆ ಒಳಗಿನ ನೀರು ಹೊರಗೆ ಆವಿಯಾಗುತ್ತದೆ, ಚರ್ಮ ಬಿಗಿಯುತ್ತದೆ, ಉಗುರಿನ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಗಾತ್ರದಲ್ಲಿ ಕೂದಲೆಳೆಯಷ್ಟಿದ್ದರೂ ಆ ಬಿರುಕು ಕೊಡುವ ನೋವು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಕಷ್ಟದ ಕೆಲಸವಾಗಿಸುತ್ತದೆ.

ಡೆಕ್ಸ್‌ಪ್ಯಾಂಥೆನಾಲ್ ತಾನೇ ಜೀವಸತ್ವವಲ್ಲ, ಅದರ ಹಿಂದಿನ ರೂಪ. ಚರ್ಮದೊಳಕ್ಕೆ ಇಳಿದ ಮೇಲೆ ಅದು ಪ್ಯಾಂಟೊಥೆನಿಕ್ ಆಮ್ಲವಾಗಿ, ಅಂದರೆ ಬಿ5 ಆಗಿ ಬದಲಾಗುತ್ತದೆ. ರೋಜರ್ ವಿಲಿಯಮ್ಸ್ ಎಂಬ ವಿಜ್ಞಾನಿ 1933ರಲ್ಲಿ ಗುರುತಿಸಿದ ಜೀವಸತ್ವ ಇದು. ದೇಹ ಇದರಿಂದ ಕೋಎಂಜೈಮ್-ಎ ತಯಾರಿಸಿಕೊಳ್ಳುತ್ತದೆ. ಕೊಬ್ಬಿನಾಮ್ಲಗಳನ್ನು ಕಟ್ಟುವುದಕ್ಕೆ ಆ ಕೋಎಂಜೈಮ್ ಬೇಕೇ ಬೇಕು. ಸೋಪು ಕಿತ್ತುಕೊಂಡು ಹೋದ ಕೊಬ್ಬನ್ನು ಚರ್ಮ ಮತ್ತೆ ಕಟ್ಟಿಕೊಳ್ಳುವುದಕ್ಕೆ ಕಚ್ಚಾ ಸಾಮಗ್ರಿ ಒದಗಿಸಿದಂತೆ ಎಂಬುದು ಇದರ ಹಿಂದಿನ ತರ್ಕ. ಜೊತೆಗೆ ಈ ವಸ್ತುವಿಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಸ್ವಭಾವವೂ ಇದೆ. ತರ್ಕ ಬರೀ ಕಾಗದದ ಮೇಲಿನದಲ್ಲ: ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಮಾರ್ಜಕದಿಂದ ಬೇಕೆಂದೇ ಚರ್ಮವನ್ನು ಕೆರಳಿಸಿ ನಡೆಸಿದ ಪ್ರಯೋಗಗಳಲ್ಲಿ, ಡೆಕ್ಸ್‌ಪ್ಯಾಂಥೆನಾಲ್ ಹಚ್ಚಿದ ಚರ್ಮ ಬೇಗ ಚೇತರಿಸಿಕೊಂಡಿದೆ. ಸೋಪಿನಿಂದಲೇ ಕೆಟ್ಟ ನನ್ನ ಕೈಗೆ ಇದಕ್ಕಿಂತ ಹತ್ತಿರದ ಪ್ರಯೋಗ ಬೇಕಿಲ್ಲ.

ಆದರೆ ಟ್ಯೂಬಿನಲ್ಲಿ ಉಳಿದ 95% ಏನು? ಲ್ಯಾನೋಲಿನ್, ಪ್ಯಾರಾಫಿನ್, ಜೇನುಮೇಣ, ಒಂದಿಷ್ಟು ಎಣ್ಣೆ, ಸ್ವಲ್ಪ ನೀರು. ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯಿಂದ ತೆಗೆದ ಮೇಣ. ಇವೆಲ್ಲ ಚರ್ಮದ ಮೇಲೆ ಮುಚ್ಚಳ ಹಾಕಿ ನೀರು ಹಾರಿಹೋಗದಂತೆ ತಡೆಯುತ್ತವೆ. ಸಾಮಾನ್ಯ ಪೆಟ್ರೋಲಿಯಂ ಜೆಲ್ಲಿ ಮಾಡುವ ಕೆಲಸವೂ ಇದೇ. ಹಾಗಾದರೆ ಅದಕ್ಕಿಂತ ಹೆಚ್ಚು ಹಣ ಕೊಟ್ಟು ಇದನ್ನು ಕೊಳ್ಳುವುದೇಕೆ?

ಇದನ್ನು ತಿಳಿಯಲೆಂದೇ ಒಂದು ಒಣ ಹವೆಯ ಕಾಲದಲ್ಲಿ ಎಡಗೈಗೆ ಪೆಟ್ರೋಲಿಯಂ ಜೆಲ್ಲಿ, ಬಲಗೈಗೆ ಈ ಮುಲಾಮು ಹಚ್ಚಿಕೊಂಡು ಮಲಗುವ ಕ್ರಮ ಇಟ್ಟುಕೊಂಡೆ. ಬಲಗೈ ಹೆಚ್ಚು ದುಡಿಯುತ್ತದೆ ಎಂಬ ಆಕ್ಷೇಪ ಬರಬಾರದೆಂದು ಕೆಲವು ವಾರಗಳ ನಂತರ ಕೈ ಬದಲಿಸಿದೆ. ಮೊದಲ ರಾತ್ರಿಗಳಲ್ಲಿ ಎರಡರ ನಡುವೆ ವ್ಯತ್ಯಾಸವೇ ಇರಲಿಲ್ಲ. ಮುಚ್ಚಳ ಬಿದ್ದ ಕೂಡಲೇ ಉರಿ ಇಳಿಯಿತು, ಬೆಳಗ್ಗೆ ಬಿರುಕಿನ ಅಂಚು ಮೆತ್ತಗಾಗಿತ್ತು. ವ್ಯತ್ಯಾಸ ಕಂಡದ್ದು ಆಮೇಲೆ. ಮುಲಾಮು ಹಚ್ಚಿದ ಕೈ ಹಗಲಿಡೀ ಸೋಪು ತಿಂದರೂ ಸಂಜೆಯ ಹೊತ್ತಿಗೆ ಅಷ್ಟು ಬಿಗಿಯುತ್ತಿರಲಿಲ್ಲ. ಬಿರುಕು ಕೂಡಿಕೊಂಡ ಜಾಗದ ಕೆಂಪು ಸ್ವಲ್ಪ ಬೇಗ ಮಾಸುತ್ತಿತ್ತು. ಕೈ ಬದಲಿಸಿದಾಗಲೂ ಇದೇ ಕಂಡಿತು. ವ್ಯತ್ಯಾಸ ದೊಡ್ಡದಲ್ಲ. ಪಕ್ಕದಲ್ಲಿ ಕೂತು ನೋಡಿದವರಿಗೆ ಕಾಣುವಂಥದ್ದೂ ಅಲ್ಲ. ಹಚ್ಚಿಕೊಂಡವನಿಗೆ ಯಾವ ಕೈಗೆ ಯಾವುದು ಎಂದು ಗೊತ್ತಿರುವಾಗ ಇಂಥ ಪರೀಕ್ಷೆಗೆ ವಿಜ್ಞಾನದ ಬೆಲೆಯೂ ಇಲ್ಲ. ಆದರೆ ಗುಂಡಿ ಹಾಕಿಕೊಳ್ಳುವ ಬೆರಳಿಗೆ ಆ ಸಣ್ಣ ವ್ಯತ್ಯಾಸವೇ ಸಾಕು.

ಕೈಯಲ್ಲಿ ದುಡ್ಡು ಬಿಗಿಯಾಗಿರುವವರಿಗೆ ನಾನು ಹೇಳುವುದು: ಪೆಟ್ರೋಲಿಯಂ ಜೆಲ್ಲಿಯಿಂದಲೇ ಶುರುಮಾಡಿ. ಅದನ್ನು ಕೀಳಾಗಿ ಕಾಣುವ ಅಗತ್ಯವಿಲ್ಲ. ಸಣ್ಣ ಶಸ್ತ್ರಚಿಕಿತ್ಸೆಯ ಗಾಯಗಳಿಗೆ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಿದವರನ್ನೂ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದವರನ್ನೂ ಹೋಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸೋಂಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಸಿಗಲಿಲ್ಲ. ಸ್ವಚ್ಛವಾದ ಗಾಯಕ್ಕೆ ಬೇಕಿರುವುದು ಹೆಚ್ಚಾಗಿ ಮುಚ್ಚಳವೇ.

ಈ ಮುಚ್ಚಳದ ಮಾತಿಗೆ ಮನೆಮನೆಯಲ್ಲೂ ಎದುರು ನಿಲ್ಲುವ ನಂಬಿಕೆ ಒಂದಿದೆ: ಗಾಯಕ್ಕೆ ಗಾಳಿ ಆಡಬೇಕು, ಒಣಗಬೇಕು, ಹಕ್ಕಳೆ ಕಟ್ಟಬೇಕು. ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ತಲೆಕೆಳಗು ಮಾಡಿತು. ತೆಳುವಾದ ಪ್ಲಾಸ್ಟಿಕ್ ಪೊರೆಯ ಕೆಳಗೆ ತೇವವಾಗಿ ಉಳಿದ ಗಾಯದ ಮೇಲೆ ಹೊಸ ಚರ್ಮ, ಬಯಲಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಹಬ್ಬಿತು. ಹಕ್ಕಳೆ ಗಟ್ಟಿಯಾದರೆ ಹೊಸ ಕೋಶಗಳು ಅದರಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ತೇವವಿದ್ದರೆ ಸಲೀಸಾಗಿ ಜಾರುತ್ತವೆ. ಮೊಣಕೈ ತರಚಿದಾಗ ನಾನು ಅನುಸರಿಸುವ ಕ್ರಮ ಇಷ್ಟೇ: ಹರಿಯುವ ನೀರಿನಲ್ಲಿ ತೊಳೆಯುವುದು, ಮಣ್ಣಿನ ಕಣ ಉಳಿದಿಲ್ಲವೆಂದು ನೋಡುವುದು, ರಕ್ತ ನಿಂತ ಮೇಲೆ ತೆಳುವಾಗಿ ಮುಲಾಮು, ಮೇಲೊಂದು ಅಂಟದ ಪಟ್ಟಿ. ದಿನಕ್ಕೊಮ್ಮೆ ಬದಲಿಸುವುದು. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಎಬ್ಬಿಸುವ ಸಂಭ್ರಮ ಬೇಡ. ಅದು ಗುಣವಾಗಬೇಕಾದ ಕೋಶಗಳನ್ನೂ ಸುಡುತ್ತದೆ.

ಇನ್ನು ಕೈಕೊಟ್ಟ ಸಂದರ್ಭಗಳು. ಅಮ್ಮನ ಹಿಮ್ಮಡಿಯ ಮೇಲೆ ನನಗೆ ದೊಡ್ಡ ಭರವಸೆ ಇತ್ತು. ಅವರು ಹಚ್ಚಿಕೊಂಡು ನಾಲ್ಕು ಹೆಜ್ಜೆ ಇಟ್ಟು, “ಇಷ್ಟು ಜಾರುವುದನ್ನು ಹಚ್ಚಿಕೊಂಡು ನಾನು ಓಡಾಡುವುದು ಹೇಗೋ?” ಎಂದು ಕೇಳಿದರು. ಕಾಲುಚೀಲ ಹಾಕಿಸಿದೆ. ಚರ್ಮ ಮೆತ್ತಗಾಯಿತೇ ಹೊರತು ಬಿರುಕು ಕೂಡಲಿಲ್ಲ. ಹಿಮ್ಮಡಿಯಲ್ಲಿ ತೊಂದರೆ ಕೊಡುವುದು ದಪ್ಪಗಟ್ಟಿದ ಸತ್ತ ಚರ್ಮ; ಅದನ್ನು ಕರಗಿಸಿ ತೆಳುವಾಗಿಸುವ ವಸ್ತು ಬೇಕು. ಯೂರಿಯಾ ಹೆಚ್ಚಿನ ಪ್ರಮಾಣದಲ್ಲಿರುವ ಕ್ರೀಮು ಆ ಕೆಲಸ ಮಾಡುತ್ತದೆ, ಅಮ್ಮನಿಗೂ ಕೊನೆಗೆ ಅದೇ ಆಗಿಬಂತು. ಬಿರುಕಿನಿಂದ ರಕ್ತ ಬರುತ್ತಿರುವಾಗ ಮಾತ್ರ ಯೂರಿಯಾ ಹಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಆಗ ಕೆಲವು ದಿನ ಬಿ5, ಆಮೇಲೆ ಯೂರಿಯಾ ಎಂಬ ಹೊಂದಾಣಿಕೆಗೆ ಬಂದಿದ್ದೇವೆ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಬಿರುಕು ಮಾತ್ರ ಮನೆಯ ಮುಲಾಮಿನ ವಿಷಯವೇ ಅಲ್ಲ, ಅದನ್ನು ವೈದ್ಯರೇ ನೋಡಬೇಕು.

ಸೋಂಕಿನ ಮುಂದೆಯೂ ಇದು ನಿರಾಯುಧ. ಉಗುರುಸುತ್ತು ಎದ್ದು ಬೆರಳು ಮಿಡಿಯುತ್ತಿದ್ದರೆ, ಕೀವು ಕಂಡರೆ, ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಇದನ್ನು ಮೆತ್ತಿಕೊಂಡು ಕಾಯುವುದರಲ್ಲಿ ಅರ್ಥವಿಲ್ಲ. ಆಳಕ್ಕೆ ಚುಚ್ಚಿದ ಗಾಯಕ್ಕೂ ಇದು ಅಲ್ಲ. ಅಲ್ಲಿ ಟೆಟನಸ್ ಚುಚ್ಚುಮದ್ದಿನ ಲೆಕ್ಕ ಮೊದಲು. ಸುಟ್ಟ ಗಾಯದ ಬಗ್ಗೆ ಜನ ಅವಸರ ಮಾಡುತ್ತಾರೆ. ಸುಟ್ಟ ಕೂಡಲೇ ಬೇಕಿರುವುದು ಹರಿಯುವ ತಣ್ಣೀರು, ಅದೂ 20 ನಿಮಿಷ. ಬಿಸಿ ಇನ್ನೂ ಚರ್ಮದಲ್ಲಿರುವಾಗ ಜಿಡ್ಡು ಬಳಿದರೆ ಬಿಸಿ ಒಳಗೇ ಉಳಿಯುತ್ತದೆ. ಸಣ್ಣ ಸುಟ್ಟ ಗಾಯ ಪೂರ್ತಿ ತಣಿದು, ದಿನ ಕಳೆದು, ಸಿಪ್ಪೆ ಏಳುವ ಹಂತಕ್ಕೆ ಬಂದಾಗ ಮುಲಾಮಿನ ಸರದಿ.

ಅಕ್ಕನ ಮಗುವಿಗೆ ಡೈಪರ್ ಜಾಗದಲ್ಲಿ ಕೆಂಪಾದಾಗ ಇದೇ ಟ್ಯೂಬು ಉಪಯೋಗಕ್ಕೆ ಬಂತು. ತೊಳೆದು, ಒರೆಸಿ, ಪೂರ್ತಿ ಒಣಗಿಸಿದ ಮೇಲೆ ಪ್ರತಿ ಬದಲಾವಣೆಗೂ ತೆಳುವಾಗಿ ಹಚ್ಚಿದರೆ ಒದ್ದೆಗೂ ಚರ್ಮಕ್ಕೂ ನಡುವೆ ತಡೆ ಸಿಗುತ್ತದೆ. ಒಮ್ಮೆ ಮಾತ್ರ ಯಾವ ಮುಲಾಮಿಗೂ ಜಗ್ಗಲಿಲ್ಲ. ತೊಡೆಸಂದಿನ ಮಡಿಕೆಯಲ್ಲಿ ಗಾಢ ಕೆಂಪು, ಸುತ್ತ ಬಿಡಿ ಬಿಡಿ ಚುಕ್ಕೆಗಳು. ಮಕ್ಕಳ ವೈದ್ಯರು ನೋಡಿ ಶಿಲೀಂಧ್ರವೆಂದು ಬೇರೆ ಔಷಧಿ ಬರೆದರು.

ಕಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಜೀವಸತ್ವ ಎಂಬ ಪದ ಪೊಟ್ಟಣದ ಮೇಲಿದ್ದರೆ ಎಲ್ಲವೂ ಒಂದೇ ಎಂದು ಭಾವಿಸಿ, ಬಿ5 ಇಲ್ಲದಿದ್ದರೆ ಇ ಹಚ್ಚುವವರು ಇದ್ದಾರೆ. ಶಸ್ತ್ರಚಿಕಿತ್ಸೆಯ ಕಲೆಗಳಿಗೆ ಇ ಜೀವಸತ್ವ ಹಚ್ಚಿ ನೋಡಿದ ಒಂದು ಸಣ್ಣ ಅಧ್ಯಯನ 1999ರಲ್ಲಿ ಬಂತು. ಕಲೆಗೆ ಪ್ರಯೋಜನವಾಗಲಿಲ್ಲ, ಸುಮಾರು ಮೂರನೇ ಒಂದರಷ್ಟು ಜನರಿಗೆ ಹಚ್ಚಿದ ಜಾಗದಲ್ಲಿ ಅಲರ್ಜಿಯ ತುರಿಕೆ, ಕೆಂಪು ಕಾಣಿಸಿಕೊಂಡವು. ಎ ಜೀವಸತ್ವದ ಒಂದು ರೂಪವಾದ ರೆಟಿನಾಲ್ ಅಂತೂ ಬಿರಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಬಿ5 ಈ ಗುಂಪಿನಲ್ಲಿ ಸಾಧು. ಅದೂ ಕಲೆಯನ್ನು ಅಳಿಸಿದ್ದನ್ನು ನಾನು ಕಂಡಿಲ್ಲ. ನನ್ನ ಮೊಣಕೈ ಕಲೆ ಇದ್ದಲ್ಲೇ ಇದೆ.

ಸಾಧು ಎಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಹಚ್ಚಿದ ಮರುದಿನ ಕೈ ತುಂಬ ತುರಿಕೆ ಎದ್ದಿತು. ಇಂಥಲ್ಲಿ ಮೊದಲು ಅನುಮಾನಿಸಬೇಕಾದದ್ದು ಲ್ಯಾನೋಲಿನ್ ಅನ್ನು. ಡೆಕ್ಸ್‌ಪ್ಯಾಂಥೆನಾಲ್‌ಗೇ ಅಲರ್ಜಿ ಆಗುವುದೂ ಉಂಟು, ಅಪರೂಪವಾಗಿ. ಉಣ್ಣೆಯ ಮೇಣ ಆಗದವರು ಅದಿಲ್ಲದ ಕ್ರೀಮ್ ರೂಪವನ್ನು ಹುಡುಕಬೇಕು. ಕ್ರೀಮಿನಲ್ಲಿ ನೀರಿನಂಶ ಹೆಚ್ಚು, ಬೇಗ ಇಂಗುತ್ತದೆ, ಆದರೆ ಮುಚ್ಚಳ ತೆಳು. ಹೊಸಬರು ಮೊದಲು ಮುಂಗೈ ಒಳಭಾಗದ ಸ್ವಲ್ಪ ಜಾಗಕ್ಕೆ ಹಚ್ಚಿ ಒಂದೆರಡು ದಿನ ನೋಡುವುದು ವಾಸಿ.

ನನ್ನ ದೊಡ್ಡ ತಕರಾರು ಜಿಡ್ಡಿನದು. ಹಗಲು ಹಚ್ಚಿಕೊಂಡರೆ ಕೆಲಸ ಕೆಟ್ಟಿತು. ನೂರು ವರ್ಷದ ಹಾಳೆಯ ಮೇಲೆ ಹೆಬ್ಬೆರಳಿನ ಅರೆಪಾರದರ್ಶಕ ಗುರುತು ಮೂಡಿದರೆ ಅದನ್ನು ತೆಗೆಯಲು ನನಗೆ ಗೊತ್ತಿರುವ ಯಾವ ಉಪಾಯವೂ ಇಲ್ಲ. ಮೊಬೈಲ್ ಬೆರಳಚ್ಚನ್ನು ಗುರುತಿಸುವುದಿಲ್ಲ. ಲೇಟೆಕ್ಸ್ ಕೈಗವಸನ್ನು ಮೇಲೆ ಹಾಕಿಕೊಂಡರೆ ಪ್ಯಾರಾಫಿನ್ ರಬ್ಬರನ್ನು ಸಡಿಲಗೊಳಿಸುತ್ತದೆ. ಹಾಗಾಗಿ ರಾತ್ರಿಯೇ ಇದರ ಹೊತ್ತು, ಮೇಲೆ ತೆಳು ಹತ್ತಿಯ ಕೈಗವಸು. ಆ ಕೈಗವಸನ್ನು ಆಗಾಗ ಬಿಸಿನೀರಿನಲ್ಲಿ ಒಗೆಯಲೇಬೇಕು. ಪ್ಯಾರಾಫಿನ್ ಹೀರಿದ ಬಟ್ಟೆಗೆ ಬೆಂಕಿ ತಾಗಿದರೆ ಸಾಮಾನ್ಯ ಬಟ್ಟೆಗಿಂತ ಬೇಗ ಹೊತ್ತಿ ಉರಿಯುತ್ತದೆ, ಒಗೆದರೂ ಆ ಅಪಾಯ ಪೂರ್ತಿ ಹೋಗುವುದಿಲ್ಲ. ಹಾಸಿಗೆಯಲ್ಲಿ ಸೇದುವವರು ಇದನ್ನು ಎರಡು ಸಲ ಓದಲಿ.

ಅಳತೆಗೆ ಚರ್ಮರೋಗ ತಜ್ಞರು ಬಳಸುವ ಲೆಕ್ಕವೇ ಸಾಕು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಗಳಷ್ಟು ಜಾಗಕ್ಕೆ ಆಗುತ್ತದೆ. ಬೆರಳ ಬಿರುಕಿಗಾದರೆ ಅಷ್ಟೂ ಬೇಡ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ, ತಲೆದಿಂಬು ಹಾಳಾಗುತ್ತದೆ, ಅಷ್ಟೇ. ಕೈ ತೊಳೆದು ಲಘುವಾಗಿ ಒರೆಸಿಕೊಂಡು ಇನ್ನೂ ತುಸು ತೇವವಿರುವಾಗ ಹಚ್ಚಿದರೆ ಆ ತೇವವೂ ಒಳಗೇ ಉಳಿಯುತ್ತದೆ. ತಾಳ್ಮೆ ಬೇಕು: ಹೊರಚರ್ಮ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ನಾಲ್ಕು ವಾರ ಹಿಡಿಯುತ್ತದೆ, ಯಾವ ಟ್ಯೂಬೂ ಆ ಲೆಕ್ಕವನ್ನು ಎರಡು ದಿನಕ್ಕೆ ಇಳಿಸಲಾರದು.

ತಯಾರಕರಿಗೆ ಒಂದು ದೂರು ಉಳಿದಿದೆ. ನಾನು ಬಳಸಿದ ಟ್ಯೂಬುಗಳಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಬಾಲದ ಮಡಿಕೆಯ ಮೇಲೆ, ಬಣ್ಣವಿಲ್ಲದೆ, ಬರೀ ಒತ್ತಿ ಮೂಡಿಸಿರುತ್ತಾರೆ. ಕೊನೆಯ ಮುಲಾಮು ತೆಗೆಯಲು ಟ್ಯೂಬನ್ನು ಬಾಲದಿಂದ ಸುರುಳಿ ಸುತ್ತುತ್ತಾ ಬಂದವರಿಗೆ ಆ ಅಂಕೆ ಮತ್ತೆ ಕಾಣುವುದಿಲ್ಲ. ಕೊಂಡ ದಿನವೇ ಅದನ್ನೂ, ಮುಚ್ಚಳ ತೆರೆದ ತಿಂಗಳನ್ನೂ ಪೆನ್ನಿನಿಂದ ಟ್ಯೂಬಿನ ಕತ್ತಿನ ಬಳಿ ಬರೆದಿಡುತ್ತೇನೆ. 100 ಗ್ರಾಂನದು ಅಗ್ಗವೆನಿಸಿದರೂ ಬೆರಳಿಗೆ ಮಾತ್ರ ಹಚ್ಚುವವರು 30 ಗ್ರಾಂನದನ್ನೇ ಕೊಳ್ಳಲಿ. ದೊಡ್ಡದು ಖರ್ಚಾಗುವ ಮೊದಲೇ ಅವಧಿ ಮುಗಿಯುತ್ತದೆ.