ಕಡುಬಾ, ರೊಟ್ಟಿಯಾ? ಮಳೆಗಾಲದ ಆಹಾರ ಮೇಳದಲ್ಲಿ ತಿಂದು ನೋಡಿದ್ದು

ಆಹಾರ ಮೇಳದಲ್ಲಿ ತಿಂಡಿಯ ರುಚಿ ಅರ್ಧ ಮಾಡಿದವರ ಕೈಗುಣ, ಇನ್ನರ್ಧ ಅದು ಪಾತ್ರೆಯಲ್ಲಿ ಎಷ್ಟು ಹೊತ್ತು ಕಾದಿದೆ ಅನ್ನೋದು. ಮನೆಯಲ್ಲಿ ಒಲೆಯಿಂದ ನೇರ ಎಲೆಗೆ ಬೀಳುವ ಅಡುಗೆ ಇಲ್ಲಿ ಕ್ಯೂ ಕರಗುವ ತನಕ ಕಾಯಬೇಕು. ಶಿವಮೊಗ್ಗದಲ್ಲಿ ಮಳೆಯ ನಡುವೆ ನಡೆದ ಮಲೆನಾಡು ತಿಂಡಿಗಳ ಮೇಳದಲ್ಲಿ ನಾನು ಇದನ್ನೇ ಗಮನದಲ್ಲಿಟ್ಟುಕೊಂಡು ತಿಂದೆ. ಒಂದೇ ತಿಂಡಿಯನ್ನು ಬೆಳಗ್ಗೆ ಬಿಸಿಯಾಗಿ, ಮಧ್ಯಾಹ್ನ ಜನ ಜಾಸ್ತಿ ಆದಮೇಲೆ ಇನ್ನೊಮ್ಮೆ.

ಮೊದಲ ಜಗಳ ಕೋಳಿ ಸಾರಿಗೆ ಯಾವುದು ಜೋಡಿ ಅನ್ನೋದು. ತೀರ್ಥಹಳ್ಳಿ ಕಡೆಯವರ ಮಳಿಗೆಯಲ್ಲಿ ಕಡುಬು, ಅದರ ಪಕ್ಕದಲ್ಲೇ ಅಕ್ಕಿ ರೊಟ್ಟಿ. ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಲ್ಲಿ ಉಕ್ಕರಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಬಾಡಿಸಿ ಕೆಂಡಕ್ಕೆ ಹಾಕುತ್ತಾರೆ. ಉಬ್ಬಿದ ರೊಟ್ಟಿ ತಟ್ಟೆಗೆ ಬಿದ್ದ ತಕ್ಷಣ ಹರಿದು ಸಾರಿಗೆ ಅದ್ದಿದರೆ ಅದಕ್ಕೆ ಸಾಟಿ ಇಲ್ಲ. ಬೆಳಗ್ಗೆ ನನ್ನ ಓಟು ರೊಟ್ಟಿಗೇ ಇತ್ತು. ಮಧ್ಯಾಹ್ನ ಅದೇ ಮಳಿಗೆಯಲ್ಲಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿಟ್ಟಿದ್ದರು. ಮೇಲಿನದು ಬಿರುಸಾಗಿತ್ತು, ಕೆಳಗಿನದು ಬೆವರಿ ಅಂಟಿಕೊಂಡಿತ್ತು. ಪಾಪ, ಅವರ ತಪ್ಪಲ್ಲ. ಅಷ್ಟು ಜನಕ್ಕೆ ಒಂದೊಂದೇ ಸುಟ್ಟು ಕೊಡೋಕೆ ಆಗುತ್ತಾ?

ಕಡುಬಿಗೆ ಈ ತೊಂದರೆ ಇಲ್ಲ. ಅಕ್ಕಿ ತರಿಯನ್ನು ಬೇಯಿಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಇಡುತ್ತಾರೆ. ಕಡುಬಿನ ಪಾತ್ರೆಯಲ್ಲಿ ಹಬೆ ಆಡುತ್ತಿರುವ ತನಕ ಅದು ಮೆತ್ತಗೇ ಇರುತ್ತದೆ. ಬೆಳಗ್ಗೆ ತಿಂದ ಕಡುಬಿಗೂ ಮಧ್ಯಾಹ್ನದ ಕಡುಬಿಗೂ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬರೀ ಕಡುಬು ಸಪ್ಪೆ, ಒಪ್ಪಿಕೊಳ್ಳೋಣ. ಆದರೆ ಮುರಿದು ಹಾಕಿದರೆ ತರಿಯ ನಡುವೆ ಸಾರು ಇಳಿಯುತ್ತದೆ. ಕಾಳುಮೆಣಸಿನ ಖಾರ ಹತ್ತಿಸಿದ ನಾಟಿಕೋಳಿ ಸಾರಿಗೆ ಆ ಸಪ್ಪೆಯೇ ಬೇಕು. ರೊಟ್ಟಿ ಮನೆಯಲ್ಲಿ, ಮೇಳದಲ್ಲಿ ಕಡುಬು ಅಂತ ನಾನು ತೀರ್ಮಾನ ಮಾಡಿದೆ. ಜೊತೆಗೆ ಬಂದಿದ್ದ ನನ್ನ ಭಾವ ಇದಕ್ಕೆ ಇವತ್ತಿಗೂ ಒಪ್ಪಿಲ್ಲ. "ಕಡುಬು ಹೊಟ್ಟೆಗೆ, ರೊಟ್ಟಿ ನಾಲಿಗೆಗೆ ಮಾರಾಯ" ಅಂತಾರೆ.

ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಹಚ್ಚಿ, ಸುರುಳಿ ಸುತ್ತಿ ಬೇಯಿಸುವ ಪತ್ರೊಡೆ ಎರಡು ಕಡೆ ಸಿಕ್ಕಿತು. ಒಂದರಲ್ಲಿ ಬೇಯಿಸಿದ ಸುರುಳಿಯನ್ನು ಬಿಲ್ಲೆಯಾಗಿ ಕೊಯ್ದು ಕಾವಲಿ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಮಾಡಿದ್ದರು. ಇನ್ನೊಂದರಲ್ಲಿ ಪುಡಿ ಮಾಡಿ ಕಾಯಿತುರಿ, ಬೆಲ್ಲ ಹಾಕಿದ ಒಗ್ಗರಣೆ. ನೋಡೋಕೆ ಚೆಂದ ಬಿಲ್ಲೆ. ಆದರೆ ನನ್ನ ಗಂಟಲು ಸಣ್ಣಗೆ ತುರಿಸಿತು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇರುತ್ತವೆ. ಚೆನ್ನಾಗಿ ಬೇಯಿಸಿ, ಹುಣಸೆಹುಳಿ ಧಾರಾಳವಾಗಿ ಹಾಕಬೇಕು. ಬಿಲ್ಲೆಯವರು ಹುಳಿಗೆ ಜಿಪುಣತನ ಮಾಡಿದ್ದರು ಅನ್ನಿಸುತ್ತೆ. ಪುಡಿ ಪತ್ರೊಡೆಯಲ್ಲಿ ಹುಳಿ, ಬೆಲ್ಲ, ಖಾರ ಮೂರೂ ಸರಿಯಾಗಿ ಕೂತಿದ್ದವು. ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದು ಅದನ್ನೇ.

ಕಳಲೆ, ಅಂದ್ರೆ ಎಳೆ ಬಿದಿರಿನ ಪಲ್ಯದ ಬಗ್ಗೆ ಹೆಚ್ಚು ಹೇಳೋದಿಲ್ಲ. ಆ ವಾಸನೆ ಇಷ್ಟ ಇದ್ದವರಿಗೆ ಇಷ್ಟ, ಇಲ್ಲದವರಿಗೆ ಇಲ್ಲ. ಮಾರುವವರನ್ನು ಒಂದೇ ಮಾತು ಕೇಳಿ: "ಅಕ್ಕಾ, ಎಷ್ಟು ದಿನ ನೆನೆಸಿದ್ರಿ?" ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಅದಕ್ಕೇ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿಟ್ಟು, ಆಮೇಲೆ ಚೆನ್ನಾಗಿ ಬೇಯಿಸೋದು.

ಕುಡಿಯೋಕೆ ಒಂದೆಲಗ ಸೊಪ್ಪಿನ ತಂಬುಳಿ ಮತ್ತು ಮಾವಿನಕಾಯಿಯ ಅಪ್ಪೆಹುಳಿ. ತಂಬುಳಿ ಮಜ್ಜಿಗೆ ಹಾಕಿದ್ದು. ಹೊತ್ತಾದಂತೆ ಹುಳಿ ಏರಿ ಎಲೆಯ ಪರಿಮಳ ಮುಚ್ಚಿಹೋಗುತ್ತದೆ. ಮಧ್ಯಾಹ್ನದ ಲೋಟದಲ್ಲಿ ಒಂದೆಲಗವನ್ನು ಹುಡುಕಬೇಕಾಯಿತು. ಅಪ್ಪೆಹುಳಿಗೆ ಮಳೆಗಾಲದಲ್ಲಿ ಹಸಿ ಮಾವು ಎಲ್ಲಿಂದ? ಬೇಸಿಗೆಯಲ್ಲೇ ಉಪ್ಪಿಗೆ ಹಾಕಿಟ್ಟ ಕಾಯಿಯನ್ನು ಕಿವುಚಿ, ನೀರು ಬೆರೆಸಿ, ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟಿದ್ದರು. ತಿಂಗಳುಗಟ್ಟಲೆ ಜಾಡಿಯಲ್ಲಿ ಇದ್ದ ಕಾಯಿಗೆ ಇನ್ನು ನಾಲ್ಕು ಗಂಟೆ ಏನು ಲೆಕ್ಕ? ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಪಡೆದ ಅಪ್ಪೆಮಿಡಿ ಮಾವಿನ ಆ ಸೊನೆಯ ಘಮ ಹಾಗೇ ಇತ್ತು. ಇಲ್ಲಿ ಗೆದ್ದಿದ್ದು ಅಪ್ಪೆಹುಳಿ, ಅನುಮಾನವೇ ಬೇಡ.

ಸಿಹಿಯಲ್ಲಿ ಮಾತ್ರ ನನ್ನ ಲೆಕ್ಕ ಉಲ್ಟಾ ಹೊಡೆಯಿತು. ಬೋರಲು ಹಾಕಿದ ಮಡಕೆ ಮೇಲೆ, ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಎಳೆದು ಮಾಡುವ ತೊಡದೇವು ಎಷ್ಟು ದಿನ ಇಟ್ಟರೂ ಕೆಡದ ತಿಂಡಿ ಅಲ್ವಾ? ಅದೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಆದರೆ ಗಾಳಿಯಲ್ಲಿ ಅಷ್ಟು ತೇವ ಇದ್ದಾಗ ಕಾಗದದಷ್ಟು ತೆಳ್ಳನೆಯ ಹಾಳೆ ಗರಿಗರಿ ಉಳಿಯೋದು ಕಷ್ಟ. ತಟ್ಟೆಯಲ್ಲಿ ಬಿಚ್ಚಿಟ್ಟಿದ್ದು ಬಾಯಲ್ಲಿ ಮೆತ್ತಗಾಗಿ ಹಲ್ಲಿಗೆ ಅಂಟಿತು. ತೇಗದ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು, ಮೇಲೊಂದು ಚಮಚ ತುಪ್ಪ, ಅದರ ಮುಂದೆ ಸುಲಭವಾಗಿ ಗೆದ್ದಿತು. ತೊಡದೇವು ಬೇಕೇ ಬೇಕು ಅನ್ನುವವರು ಗಾಳಿ ಆಡದಂತೆ ಕಟ್ಟಿದ ಪ್ಯಾಕೆಟ್ ತಗೊಂಡು ಹೋಗಿ, ಮನೆಯಲ್ಲಿ ಬಿಸಿ ಹಾಲು ತುಪ್ಪದ ಜೊತೆ ತಿನ್ನಿ.