ಕಾಸರಗೋಡಿನ ಮಳೆಗಾಲಗಳಲ್ಲಿ ಒಂದು ಇ-ರೀಡರ್: ಐದು ವರ್ಷಗಳ ಬಳಕೆಯ ಬಳಿಕ

ಆರು ಇಂಚು ಪರದೆಯ ಇ-ರೀಡರ್ ಒಂದನ್ನು ಐದು ವರ್ಷಕ್ಕೂ ಮೇಲ್ಪಟ್ಟು ದಿನನಿತ್ಯ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪೆನಿಯ ಹೆಸರು ಇಲ್ಲಿ ಅಗತ್ಯವಿಲ್ಲ, ಏಕೆಂದರೆ ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಗಾತ್ರದ ಸಾಧನಗಳಿಗೆಲ್ಲ ಸಾಮಾನ್ಯವಾದವು. ಇಂಗ್ಲಿಷ್ ಓದುವವರಿಗಾಗಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಮುಖ್ಯವಾಗಿ ಕನ್ನಡವನ್ನೂ ಅದರ ಜೊತೆಗೆ ಮಲಯಾಳವನ್ನೂ ಓದುವ ಗಡಿನಾಡಿನ ಓದುಗನಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂದು ಹೇಳಿದವರು ಕಡಿಮೆ. ನಾನು ಓದುವ ಪುಟಗಳ ಲೆಕ್ಕ ಇದರಿಂದ ಅಷ್ಟೇನೂ ಏರಲಿಲ್ಲ. ಯಾವ ಬಗೆಯ ಪುಸ್ತಕವನ್ನು ಪರದೆಯಲ್ಲಿ ಓದುವುದು, ಯಾವುದನ್ನು ಕಾಗದದಲ್ಲಿ ಓದುವುದು ಎಂಬ ವಿಂಗಡಣೆ ಮಾತ್ರ ತಾನಾಗಿಯೇ ಆಗಿಹೋಯಿತು.

ಇದನ್ನು ಕೊಂಡದ್ದು ಪುಸ್ತಕ ಸಿಗುವುದಿಲ್ಲವೆಂಬ ಕಾರಣಕ್ಕೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಓದುಗನಿಗೆ ಪುಸ್ತಕದ ಪೇಟೆ ಎಂದರೆ ಮಂಗಳೂರೇ. ರೈಲಿನಲ್ಲಿ ಒಂದು ಗಂಟೆಯ ದಾರಿ, ದೂರವೇನಲ್ಲ. ಆದರೆ ಹೊಸ ಕಾದಂಬರಿಯೊಂದರ ಹೆಸರು ಕೇಳಿದೊಡನೆ ಹೊರಟುಬಿಡುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಕೇರಳದ ಗ್ರಂಥಾಲಯ ಚಳವಳಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನವಾದ ಜೂನ್ 19ನ್ನು ವಾಚನ ದಿನವಾಗಿ ಆಚರಿಸುವ ರಾಜ್ಯ ಇದು. ಹಾಗಿದ್ದರೂ ನಾನು ಸದಸ್ಯನಾಗಿರುವ ವಾಚನಾಲಯದಲ್ಲಿ ಮಲಯಾಳದ ಕಪಾಟುಗಳು ವರ್ಷವರ್ಷವೂ ತುಂಬುತ್ತವೆ, ಕನ್ನಡದ ಕಪಾಟು ಇದ್ದ ಹಾಗೆಯೇ ಇದೆ.

ಮೊದಲು ಹವೆಯ ವಿಚಾರ. ಜೂನ್‌ನಿಂದ ತುಳುವರ ಆಟಿ ತಿಂಗಳು (ಆಗಸ್ಟ್ ನಡುವಿನವರೆಗೆ) ಮುಗಿಯುವವರೆಗೆ ನಮ್ಮಲ್ಲಿ ಕಾಗದ ಒಣಗಿರುವುದೇ ಇಲ್ಲ. ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಬೆನ್ನಿನ ಅಂಟು ಬಿಡುತ್ತದೆ, ಗೋಡೆಗೆ ತಾಗಿದ ಸಾಲನ್ನು ಒರಲೆ ಹುಡುಕಿಕೊಂಡು ಬರುತ್ತದೆ. ಇ-ರೀಡರ್‌ಗೆ ಈ ಮೂರರ ಭಯವೂ ಇಲ್ಲ. ಗಾಳಿಮಳೆಗೆ ಕರೆಂಟು ಹೋಗಿ ಒಂದೆರಡು ದಿನ ಬಾರದಿದ್ದಾಗಲೂ ಓದು ನಿಂತಿಲ್ಲ. ಇ-ಇಂಕ್ ಪರದೆಯಲ್ಲಿ ಕಪ್ಪು ಮತ್ತು ಬಿಳಿಯ ಸೂಕ್ಷ್ಮ ಕಣಗಳು ವಿದ್ಯುತ್ತಿಗೆ ಸ್ಪಂದಿಸಿ ಮೇಲೆ ಕೆಳಗೆ ಸರಿಯುತ್ತವೆ. ಒಮ್ಮೆ ಪುಟ ಮೂಡಿದ ಮೇಲೆ ಅದನ್ನು ಹಾಗೆಯೇ ಹಿಡಿದಿಡಲು ವಿದ್ಯುತ್ತು ಬೇಕಿಲ್ಲ, ಪುಟ ಮಗುಚುವಾಗ ಮತ್ತು ಅಂಚಿನ ದೀಪ ಉರಿಯುವಾಗ ಮಾತ್ರ ಬ್ಯಾಟರಿ ಖರ್ಚಾಗುತ್ತದೆ. ಹೊಸದರಲ್ಲಿ ಒಂದು ಚಾರ್ಜಿಗೆ ಮೂರು ನಾಲ್ಕು ವಾರ ಬರುತ್ತಿದ್ದದ್ದು ಈಗ ಹತ್ತು ದಿನಕ್ಕೆ ಇಳಿದಿದೆ. ಐದು ವರ್ಷ ಹಳೆಯ ಬ್ಯಾಟರಿಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕನ್ನಡ ಅಕ್ಷರಗಳ ವಿಷಯದಲ್ಲಿ ಸಾಧನವನ್ನು ತಿದ್ದಿ ಹದಕ್ಕೆ ತರಬೇಕಾಗುತ್ತದೆ. ಅದರಲ್ಲೇ ಬಂದ ಫಾಂಟಿನ ಗೆರೆಗಳು ತೆಳುವಾದ್ದರಿಂದ ನೋಟೋ ಸೆರಿಫ್ ಕನ್ನಡ ಫಾಂಟನ್ನು ಹಾಕಿಕೊಂಡೆ. ಫಾಂಟಿನ ಕಡತವನ್ನು ಕೇಬಲ್ ಮೂಲಕ ಫಾಂಟುಗಳ ಫೋಲ್ಡರಿಗೆ ನಕಲಿಸಿದರೆ ಸಾಕು. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಸಾಕಾಗುವಷ್ಟೇ ಇಟ್ಟರೆ ‘ಶಾಸ್ತ್ರ’ದಂಥ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ, ಆದ್ದರಿಂದ ಒಂದು ಹಂತ ಹೆಚ್ಚಿಸಲೇಬೇಕು. ಎರಡೂ ಅಂಚುಗಳನ್ನು ಸಮಗೊಳಿಸುವ ಜೋಡಣೆಯನ್ನಂತೂ ತೆಗೆದುಹಾಕುವುದೇ ಲೇಸು. ‘ಹೊರಟುಹೋಗಿದ್ದರಿಂದಾಗಿ’ ಎಂಬಂಥ ಪದವೊಂದು ಬಂದರೆ, ಅದನ್ನು ಎಲ್ಲಿ ಮುರಿಯಬೇಕೆಂದು ತಿಳಿಯದ ಯಂತ್ರ ಇಡೀ ಪದವನ್ನು ಕೆಳಗಿನ ಸಾಲಿಗೆ ದೂಡಿ, ಮೇಲೆ ಉಳಿದ ಎರಡು ಪದಗಳನ್ನು ಈ ಅಂಚಿಗೊಂದು ಆ ಅಂಚಿಗೊಂದು ನಿಲ್ಲಿಸಿಬಿಡುತ್ತದೆ.

ಸಾಧನವನ್ನು ದೂರಿ ಫಲವಿಲ್ಲದ ಇನ್ನೊಂದು ತೊಂದರೆ ಇ-ಪುಸ್ತಕಗಳನ್ನು ಸಿದ್ಧಪಡಿಸುವವರ ಕಡೆಯದು. ಎಲ್ಲ ಸಾಧನಗಳೂ ಒಪ್ಪಿಕೊಂಡ ಅಕ್ಷರಸಂಕೇತವಾದ ಯುನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಟೈಪಾದ ಪುಸ್ತಕವನ್ನು ಸರಿಯಾಗಿ ತಿದ್ದದೆ ಪರಿವರ್ತಿಸಿದರೆ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿಯೂ, ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆಯೂ ಬಂದು ಕೂರುತ್ತವೆ. ‘ಸೂಯ೯’ ಎಂದಿದ್ದರೂ ಕಣ್ಣು ಹೇಗೋ ಓದಿಕೊಳ್ಳುತ್ತದೆ, ಆದರೆ ‘ಸೂರ್ಯ’ ಎಂದು ಹುಡುಕಿದಾಗ ಆ ಪುಟ ಸಿಗುವುದಿಲ್ಲ. ದುಡ್ಡು ಕೊಟ್ಟು ಕೊಂಡ ಪುಸ್ತಕಗಳಲ್ಲೂ ಇದನ್ನು ಕಂಡಿದ್ದೇನೆ. ಕೊಳ್ಳುವ ಮೊದಲು ಮಾದರಿ ಪುಟಗಳನ್ನು ಇಳಿಸಿಕೊಂಡು ನೋಡುವುದು ಈಗ ನನ್ನ ರೂಢಿ.

ಇನ್ನು ಪ್ರಕಾರಗಳ ಮಾತು. ದೊಡ್ಡ ಕಾದಂಬರಿ, ಆತ್ಮಕಥನ, ಪ್ರವಾಸ ಕಥನ, ಪತ್ತೇದಾರಿ, ಇವೆಲ್ಲ ನನ್ನ ಮಟ್ಟಿಗೆ ಸಂಪೂರ್ಣವಾಗಿ ಪರದೆಗೆ ಬಂದಿವೆ. ಆರುನೂರು ಪುಟಗಳ ಕಾದಂಬರಿಯನ್ನು ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದಬಹುದೆಂಬ ಸುಖ ಸಣ್ಣದಲ್ಲ. ಕಾದಂಬರಿಯಲ್ಲಿ ಓದು ಮುಂದಕ್ಕೇ ಹರಿಯುವುದರಿಂದ ಪುಟದ ಆಕಾರ ಹೇಗಿದ್ದರೂ ನಡೆಯುತ್ತದೆ. ಪದ್ಯಕ್ಕೆ ಈ ಮಾತು ಸಲ್ಲುವುದಿಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದ ನಾಲ್ಕಕ್ಕಿಂತ ಉದ್ದ. ಕಣ್ಣಿಗೆ ಹಿತವಾಗುವಷ್ಟು ದೊಡ್ಡ ಅಕ್ಷರವಿಟ್ಟರೆ ಈ ಎರಡು ಸಾಲುಗಳು ಮುರಿದು ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ, ಉಸಿರು ನಿಲ್ಲಬಾರದ ಕಡೆ ನಿಲ್ಲುತ್ತದೆ. ಯಕ್ಷಗಾನ ಪ್ರಸಂಗಗಳ ಪಾಡೂ ಇದೇ. ಪದದ ಮೇಲೆ ಇರಬೇಕಾದ ರಾಗತಾಳದ ಹೆಸರು ಹಿಂದಿನ ಪುಟದ ಬುಡದಲ್ಲಿ ಉಳಿದು, ಪದ ಮಾತ್ರ ಮುಂದಿನ ಪುಟದಲ್ಲಿ ಶುರುವಾಗುತ್ತದೆ. ಪ್ರಸಂಗಕರ್ತ ಪಾರ್ತಿಸುಬ್ಬನ ಊರಾದ ಕುಂಬಳೆ ಇರುವ ಸೀಮೆಯವರಿಗೆ ಇದು ಸಹಿಸುವ ವಿಷಯವಲ್ಲ. ಆದ್ದರಿಂದ ಕಾವ್ಯ ಮತ್ತು ಪ್ರಸಂಗಗಳಿಗೆ ದುಡ್ಡು ಕೊಡುವುದು ಕಾಗದದ ಪ್ರತಿಗೆ ಮಾತ್ರ, ಬೂಷ್ಟು ಹಿಡಿದರೂ ಚಿಂತೆಯಿಲ್ಲ.

ನಾನು ಓದುವ ಪುಸ್ತಕಗಳ ಕಾಲವೂ ಹಿಂದಕ್ಕೆ ಸರಿದಿದೆ, ಮತ್ತು ಅದರ ಕಾರಣ ಕಾನೂನಿನಲ್ಲಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ ಅರುವತ್ತು ವರ್ಷಗಳವರೆಗೆ ಹಕ್ಕುಸ್ವಾಮ್ಯ ಉಳಿಯುತ್ತದೆ. 1963ರಲ್ಲಿ ನಿಧನರಾದ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು ಈ ಲೆಕ್ಕದಲ್ಲಿ 2024ರ ಆರಂಭದಿಂದ ಎಲ್ಲರವೂ ಆಗಿವೆ. 2015ರವರೆಗೆ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ ಬರಹಗಳಿಗೆ 2076 ಬರಬೇಕು. ಮುಕ್ತವಾಗಿ ಸಿಗುವುದು ಹಳೆಯದೇ ಆದ್ದರಿಂದ ಕೈ ಅತ್ತಲೇ ಹೋಗುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪಾಗಿರುವ ಕೃತಿಗಳನ್ನು ಇ-ಪಬ್ ರೂಪದಲ್ಲಿ ಇಳಿಸಿಕೊಂಡರೆ ಅಚ್ಚುಕಟ್ಟಾಗಿ ಓದಬಹುದು. ಅದೇ ಪುಟಗಳ ಚಿತ್ರವಷ್ಟೇ ಇರುವ ಪಿಡಿಎಫ್ ಆದರೆ ಆರು ಇಂಚಿನ ಪರದೆಯಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ. ಸಾಧನವನ್ನು ಅಡ್ಡ ಹಿಡಿದು ಅರ್ಧರ್ಧ ಪುಟವಾಗಿ ಓದುವ ಉಪಾಯವಿದೆ, ಆದರೆ ಅಡಿಟಿಪ್ಪಣಿಗಳು ಹೆಚ್ಚಿರುವ ಸಂಶೋಧನಾ ಗ್ರಂಥಕ್ಕೆ ಅದೂ ನಡೆಯದು.

ನಿಘಂಟಿನ ಸೌಲಭ್ಯ ಕನ್ನಡಕ್ಕೆ ಇಲ್ಲವೆಂದೇ ಹೇಳಬೇಕು. ನಿಘಂಟನ್ನು ಹೊರಗಿನಿಂದ ತಂದು ಹಾಕಿದರೂ ‘ಗದ್ದುಗೆಯಿಂದ’ ಎಂಬ ಪದವನ್ನು ಒತ್ತಿದಾಗ ಅದು ವಿಭಕ್ತಿಯನ್ನು ಕಳಚಿ ‘ಗದ್ದುಗೆ’ಯನ್ನು ಹುಡುಕಲಾರದು. ಮಲಯಾಳದ ಅಕ್ಷರಗಳು ಚೆನ್ನಾಗಿಯೇ ಮೂಡುತ್ತವೆ. ಎರಡು ಭಾಷೆಗಳ ಕಾದಂಬರಿಗಳು ಒಂದೇ ಪಟ್ಟಿಯಲ್ಲಿ ಇರುವುದರಿಂದ ಈಗೀಗ ಮಲಯಾಳದ ಓದು ಮೊದಲಿಗಿಂತ ಹೆಚ್ಚಾಗಿದೆ.

ಮನೆಯವರೆಲ್ಲ ಓದುವವರಾಗಿದ್ದರೆ ಒಂದು ಮಾತನ್ನು ಯೋಚಿಸಬೇಕು. ಕಾಗದದ ಕಾದಂಬರಿ ನಮ್ಮಲ್ಲಿ ಅತ್ತಿಗೆಯ ಕೈಯಿಂದ ನೆರೆಮನೆಗೆ, ಅಲ್ಲಿಂದ ಇನ್ನೊಂದು ಮನೆಗೆ ಹೋಗಿ ಬರುತ್ತದೆ. ಪರದೆಯಲ್ಲಿರುವುದನ್ನು ಕೊಡಬೇಕಾದರೆ ಇಡೀ ಗ್ರಂಥಾಲಯವನ್ನೇ ಕೊಟ್ಟ ಹಾಗೆ, ಅದು ಮರಳಿ ಬರುವವರೆಗೆ ನಮಗೆ ಓದಲು ಏನೂ ಇರುವುದಿಲ್ಲ. ಹೀಗಾಗಿ ಚೆನ್ನಾಗಿದೆ ಅನಿಸಿದ ಕೆಲವು ಪುಸ್ತಕಗಳನ್ನು ಎರಡು ಸಲ ಕೊಂಡದ್ದೂ ಉಂಟು.

ಈಗ ಹೊಸದಾಗಿ ಕೊಳ್ಳುವ ಕನ್ನಡ ಓದುಗರು ಆರು ಇಂಚಿನದನ್ನು ಬಿಟ್ಟು ಏಳು ಅಥವಾ ಎಂಟು ಇಂಚಿನ ಪರದೆಯನ್ನು ನೋಡುವುದು ಒಳ್ಳೆಯದು. ಅಂಗಡಿಯಲ್ಲಿ ಸಾಧ್ಯವಾದರೆ ಉದ್ದ ಪದಗಳೂ ಒತ್ತಕ್ಷರಗಳೂ ಧಾರಾಳವಾಗಿರುವ ಕನ್ನಡದ ಒಂದು ಪುಟವನ್ನು ತೆರೆಸಿ, ಹೊರಗಿನ ಫಾಂಟ್ ಹಾಕಲು ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಓದು ಹೆಚ್ಚಾಗಿ ಕಾವ್ಯವೇ ಆಗಿರುವವರು ಆ ಹಣದಲ್ಲಿ ಗಾಜಿನ ಬಾಗಿಲಿನ ಕಪಾಟು ಮಾಡಿಸಿಕೊಳ್ಳಬಹುದು.